ಹೇಮಾವತಿ ಕಾಡಿಗೆ ಹೋದ ವಾರ

ನಮ್ಮೂರಿನ ಕಾಡಿನಲ್ಲಿ ಒಂದು ಬೆಂಕಿಪೊಟ್ಟಣಕ್ಕೆ ಹತ್ತೊಂಬತ್ತು ರೂಪಾಯಿ. ಒಣಸೌದೆ ಹೊರೆಗೆ ನಲವತ್ತೊಂಬತ್ತು. ತೂತಿಲ್ಲದ ಕಂಬಳಿ ಬೇಕಾದರೆ ತೊಂಬತ್ತೊಂಬತ್ತು. ಹುಲಿ ನಿಮ್ಮ ಗುಡಿಸಲ ಕಡೆ ತಲೆ ಹಾಕಬಾರದು ಎಂದರೆ ತಿಂಗಳಿಗೆ ನೂರ ತೊಂಬತ್ತೊಂಬತ್ತು. ವರ್ಷದ್ದು ಒಟ್ಟಿಗೆ ಕಟ್ಟಿದರೆ ಕರಡಿಯೂ ಬರುವುದಿಲ್ಲ. ನೀರು ಪುಕ್ಕಟೆ. ಆದರೆ ಹೊಳೆಗೆ ಬಗ್ಗಿ ಒಂದು ಬೊಗಸೆ ಕುಡಿಯಬೇಕಾದರೆ ಮೊದಲು ಪ್ರೆಶರ್ ಕುಕ್ಕರಿನ ಜಾಹೀರಾತು ಪೂರ್ತಿ ನೋಡಬೇಕು. ಅಸಲಿ ಕಾಡು ಇದ್ದಾಗ ಇವೆಲ್ಲ ಬಿಟ್ಟಿ ಸಿಗುತ್ತಿದ್ದವು, ಹುಲಿಯೂ ಸೇರಿ. ಬಿಟ್ಟಿ ಸಿಕ್ಕಿದ್ದರಿಂದಲೇ ನಿಮಗೆ ಅದರ ಬೆಲೆ ಗೊತ್ತಿರಲಿಲ್ಲ ಎಂದು ಆಟದ ಕಂಪನಿಯವನು ಬಂದು ಭಾಷಣ ಮಾಡಿದ. ಈಗ ಗೊತ್ತಾಗಿದೆ. ರಸೀದಿಯೂ ಬರುತ್ತದೆ.

ಅಸಲಿ ಕಾಡು ಬಸ್ ಸ್ಟ್ಯಾಂಡಿನ ಹಿಂದೆ ಶುರುವಾಗುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಇರಲಿಲ್ಲ. ಕಡಿದ ಗುರುತಿಲ್ಲ, ಸುಟ್ಟ ಗುರುತಿಲ್ಲ. ಬೇರುಸಹಿತ ಎದ್ದು ಹೋಗಿತ್ತು. ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲರೂ ಟೇಪು ಹಿಡಿದು ಸೈಟು ಅಳೆಯುವುದರಲ್ಲಿದ್ದರು. ಸಂಜೆ ಹೊತ್ತಿಗೆ ಕಾಡು ಫೋನಿನಲ್ಲಿದೆ ಎಂಬ ಸುದ್ದಿ ಬಂತು. ಸದ್ಯ, ಎಲ್ಲೋ ಒಂದು ಕಡೆ ಕ್ಷೇಮವಾಗಿದೆಯಲ್ಲ ಎಂದು ಊರು ನಿದ್ದೆ ಮಾಡಿತು.

ಕಾಡು ಹೋದರೂ ಕಾಡಿನ ನಿಯಮ ಹೋಗಲಿಲ್ಲ. ನಮ್ಮಲ್ಲಿ ಏಳು ದಿನ ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕಿ, ತಾನೇ ಹೊತ್ತಿಸಿದ ಬೆಂಕಿಯನ್ನು ಆರಲು ಬಿಡದೆ, ಅದರ ಕೆಂಡವನ್ನು ಮಡಕೆಯಲ್ಲಿ ಹೊತ್ತು ತಂದವರಿಗೆ ಮಾತ್ರ ಸ್ವಂತ ಒಲೆಯ ಹಕ್ಕು. ಗಂಡ ತಂದರೂ ಸರಿ, ಹೆಂಡತಿ ತಂದರೂ ಸರಿ. ತರದಿದ್ದವರು ತಂದವರ ಒಲೆಯಲ್ಲಿ ಉಣ್ಣಬೇಕು. ಯಾರ ಒಲೆಯಲ್ಲಿ ಉಣ್ಣುತ್ತಾರೋ ಅವರ ಮನೆಯಲ್ಲಿ ದುಡಿಯಬೇಕು. ಒಬ್ಬೊಬ್ಬರಿಗೆ ಮೂರು ಅವಕಾಶ. ಮೂರೂ ತಪ್ಪಿದರೆ ಬದುಕಿರುವ ತನಕ ಪರರ ಒಲೆ. ಕಾಡು ಫೋನಿಗೆ ಹೋದ ಮೇಲೆ ಕೆಂಡ ತರುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಒಲೆ ಸಮಿತಿಯ ಯಜಮಾನ ಪಂಚಾಕ್ಷರಪ್ಪನವರು ಅದಕ್ಕೂ ದಾರಿ ಕಂಡರು. ಆಟದಲ್ಲಿ ಉರಿಯುವ ಬೆಂಕಿಯನ್ನು ಸಮಿತಿಗೆ ತೋರಿಸುವುದು, ಫೋನಿಗೆ ಕುಂಕುಮ ಇಡುವುದು, ಪಕ್ಕದಲ್ಲಿ ಲೈಟರಿನಿಂದ ಒಲೆ ಹಚ್ಚುವುದು. ಮೊದಲ ಸಲ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೆ. ಈಗ ನಾನೂ ಆರತಿ ಎತ್ತುತ್ತೇನೆ.

ನನ್ನ ಹೆಸರು ದೇವೀರಮ್ಮ. ಮಾರುಕಟ್ಟೆ ಬೀದಿಯ ಹಿಟ್ಟಿನ ಗಿರಣಿ ನನ್ನದು. ಸಮಿತಿಯಲ್ಲಿ ಒಬ್ಬ ಹೆಂಗಸೂ ಇರಲಿ ಎಂದು ಯಾರೋ ಮೇಲಿನಿಂದ ಹೇಳಿದ್ದಕ್ಕೆ ನನ್ನನ್ನು ಸೇರಿಸಿಕೊಂಡರು. ಸಭೆಗೆ ಕಾಫಿ ನಾನು ಮಾಡಿ ತರುತ್ತೇನೆ ಎಂದುಕೊಂಡಿದ್ದರು. ತರಲಿಲ್ಲ. ಆಗಿನಿಂದ ನಮ್ಮ ನಡುವೆ ಅಷ್ಟಕ್ಕಷ್ಟೆ.

ಹೇಮಾವತಿ ರಾಗಿ ಡಬ್ಬ ಹೊತ್ತು ಗಿರಣಿಗೆ ಬಂದ ದಿನವೇ ಅವಳ ಎರಡನೆಯ ಅವಕಾಶ ಹೋಗಿದೆ ಎಂದು ಅವಳ ಮುಖ ನೋಡಿ ತಿಳಿಯಿತು. ಅವಳು ನನಗೆ ನೆಂಟಳಲ್ಲ, ಹಿಟ್ಟಿನ ಗಿರಾಕಿ. ಆದರೆ ಹತ್ತು ವರ್ಷ ಒಂದೇ ಜಗಲಿಯಲ್ಲಿ ಕುಳಿತು ಹಿಟ್ಟಿಗೆ ಕಾದವರು ನೆಂಟರಿಗಿಂತ ಹೆಚ್ಚು ಹೇಳಿಕೊಳ್ಳುತ್ತಾರೆ. ಅವಳ ಗಂಡ ಶಿವನಂಜ ಮೂರೂ ಅವಕಾಶ ಕಳೆದುಕೊಂಡು ಕುಳಿತಿದ್ದ. ಮೂರನೆಯ ಸಲ ಅವನು ಹಸಿವಿನಿಂದ ಸತ್ತ. ಗೆಣಸು ಕೈಯಲ್ಲೇ ಇತ್ತು, ತೂಕ ಇಳಿಸುವ ಪುಡಿಯ ಜಾಹೀರಾತು ಮುಗಿದಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಶಿವನಂಜನ ಅಣ್ಣ ಶಾಂತಮಲ್ಲಪ್ಪನ ಮನೆಯಲ್ಲಿದ್ದರು. ಆ ಮನೆಯಲ್ಲಿ ಹನ್ನೊಂದು ಬಾಯಿ. ಬೇಯಿಸುವ ಕೈ ಎರಡು, ಎರಡೂ ಇವಳವೇ.

"ಏನವ್ವ, ಈ ಸಲ ಯಾವ ಮೃಗ ತಿಂತು?" ಎಂದೆ.

"ಮೃಗ ಅಲ್ಲಕ್ಕ, ಚಳಿ. ಆರನೇ ದಿನ. ಬೆಂಕಿಗೆ ಸೌದೆ ಇಡೋ ಹೊತ್ತಿಗೆ ಸರಿಯಾಗಿ ಭಾವ ಇನ್ನೊಂದು ಚಪಾತಿ ಅಂದ್ರು. ಬೇಯಿಸಿ ಹಾಕಿ ಬರೋದ್ರೊಳಗೆ ನಾನು ಸತ್ತಿದ್ದೆ."

"ಚಪಾತಿ ಹೇಗಿತ್ತಂತೆ?"

"ಉಪ್ಪು ಕಮ್ಮಿ ಅಂದ್ರು."

ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಕಣ್ಣು ಒರೆಸಿಕೊಂಡಳು. ಹೈಸ್ಕೂಲಿನ ಎದುರು ಒಂದು ಮಳಿಗೆ ಖಾಲಿ ಇದೆಯಂತೆ. ಮಾಲೀಕ ಕೊಡಲು ಒಪ್ಪಿದ್ದಾನೆ, ಒಲೆ ಹಕ್ಕು ತಂದು ತೋರಿಸು ಎಂದಿದ್ದಾನೆ. ಇಡ್ಲಿ, ಚಟ್ನಿ, ಮಧ್ಯಾಹ್ನಕ್ಕೆ ಮುದ್ದೆ ಸಾರು. "ನಾನು ಹೇಳಿದಾಗ ಹೊತ್ತಬೇಕು ಅಕ್ಕ, ನಾನು ಹೇಳಿದಾಗ ಆರಬೇಕು. ಅಂಥದ್ದೊಂದು ಒಲೆ. ಉಳಿದಿರೋದು ಒಂದೇ ಸಲ. ಇದೂ ಹೋದ್ರೆ ಅವರ ಚಪಾತಿ ಲಟ್ಟಿಸ್ತಾ ಲಟ್ಟಿಸ್ತಾನೇ ನನ್ನ ಹೆಣ ಬೀಳೋದು."

"ಬೀಳಲ್ಲ ಬಿಡು," ಎಂದೆ. "ಹೆಣ ಬೀಳೋಕೂ ನಿಮ್ಮ ಭಾವ ಪುರುಸೊತ್ತು ಕೊಡಬೇಕಲ್ಲ."

ಅವಳ ಅದೃಷ್ಟಕ್ಕೆ ಆ ತಿಂಗಳೇ ಹಳೆಯ ಆಟದ ಮೇಲೆ ಊರಿಗೆ ಸಿಟ್ಟು ಬಂತು. ಕಂಪನಿಯವರು ಏಳನೆಯ ದಿನವನ್ನೇ ನೇರವಾಗಿ ಮಾರಲು ಶುರುಮಾಡಿದ್ದರು. ದುಡ್ಡು ಕಟ್ಟಿದರೆ ಕಾಡಿನೊಳಗೆ ಹೋಗುವುದೇ ಬೇಡ, ಹೊರಗೆ ಬರುವುದು ಮಾತ್ರ. ಬಟ್ಟೆ ಅಂಗಡಿಯ ಮನೆಯ ಹುಡುಗರು ಒಂದೇ ಮಧ್ಯಾಹ್ನ ನಾಲ್ಕು ಒಲೆ ಹಚ್ಚಿದರು. ಪಂಚಾಕ್ಷರಪ್ಪನವರಿಗೆ ಅನ್ಯಾಯ ಕಂಡರೆ ಆಗುವುದಿಲ್ಲ, ಅದರಲ್ಲೂ ತಮ್ಮ ಮನೆಗೆ ಬಾರದ ಅನ್ಯಾಯ ಕಂಡರೆ. ಹೊಸ ಆಟ ಆರಿಸುವುದೆಂದು ಡಂಗುರ ಹೊಡೆಸಿದರು.

ಆಟ ಮಾರುವವರು ಸಮಿತಿಯ ಮನೆಗೆ ಸಾಲುಗಟ್ಟಿದರು. ಮೊದಲನೆಯವನ ಆಟದಲ್ಲಿ ಮರಕ್ಕೆ ಮುಷ್ಟಿಯಿಂದ ಗುದ್ದಿದರೆ ಹಲಗೆ ಉದುರುತ್ತಿತ್ತು. ಹಾಗೆ ಉದುರುವುದಾದರೆ ನಮ್ಮೂರ ಬಡಗಿ ಕೈಗೆ ಪಟ್ಟಿ ಕಟ್ಟಿಕೊಂಡು ಯಾಕೆ ತಿರುಗುತ್ತಾನೆ ಎಂದು ಕೇಳಿದೆ. ಎರಡನೆಯದರಲ್ಲಿ ಎರಡು ನಿಮಿಷಕ್ಕೊಮ್ಮೆ ಹಸಿವು. ಒಂದು ಜಿಂಕೆ ಪೂರ್ತಿ ತಿಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಅಂಥ ಹಸಿವು ಮನುಷ್ಯರಿಗೆ ಬರುವುದಿಲ್ಲ, ಬೀಗರಿಗೆ ಮಾತ್ರ ಬರುತ್ತದೆ. ಮೂರನೆಯದು ನೋಡಲು ಬಲು ಚಂದ, ಎಲೆಯ ಮೇಲಿನ ಇಬ್ಬನಿ ಕೂಡ ಎಣಿಸಬಹುದಿತ್ತು. ಆದರೆ ಫೋನು ಎಷ್ಟು ಕಾದಿತೆಂದರೆ ಅದರ ಮೇಲೇ ದೋಸೆ ಹುಯ್ಯಬಹುದಿತ್ತು, ಬ್ಯಾಟರಿ ಸಂಜೆಗೆ ಮೊದಲೇ ಕಣ್ಣು ಮುಚ್ಚಿತು. ನಾಲ್ಕನೆಯದಕ್ಕೆ ನೆಟ್‌ವರ್ಕು ಬೇಕೇ ಬೇಕು. ಕಾಡಿನಲ್ಲಿ ಕಳೆದುಹೋಗಲು ಟವರ್ ಹುಡುಕಿಕೊಂಡು ಮಹಡಿ ಹತ್ತಬೇಕು. ಪಂಚಾಕ್ಷರಪ್ಪನವರು ಎಲ್ಲವನ್ನೂ ತೂಗಿ ನೋಡುವವರ ಹಾಗೆ ತಲೆಯಾಡಿಸುತ್ತಿದ್ದರು. ಫೋನು ತಲೆಕೆಳಗಾಗಿ ಹಿಡಿದಿದ್ದರು.

ಕೊನೆಗೆ ಒಬ್ಬ ಅಣ್ಣ ಮತ್ತು ತಂಗಿ ಬಸ್ಸಿನಲ್ಲಿ ಬಂದರು. ಕಾಗದವಿಲ್ಲ, ಬಣ್ಣದ ಚೀಟಿಯಿಲ್ಲ, ಸಿಹಿಡಬ್ಬಿಯೂ ಇಲ್ಲ. ಇಬ್ಬರೇ ಸೇರಿ ಮಾಡಿದ ಆಟವಂತೆ. ಹಳೆಯ ಫೋನಿನಲ್ಲೂ ನಡೆಯುತ್ತದೆ, ಟವರ್ ಬೇಡ, ಒಂದು ಸಲ ಕೊಂಡರೆ ಆಮೇಲೆ ಏನನ್ನೂ ಕೇಳುವುದಿಲ್ಲ. ಅದನ್ನು ಕೇಳಿಯೇ ಸಮಿತಿಗೆ ಅನುಮಾನ ಬಂತು.

"ಇದರಲ್ಲಿ ಹುಲಿ ಎಲ್ಲಿ?" ಎಂದರು ಪಂಚಾಕ್ಷರಪ್ಪನವರು.

"ಹೆಜ್ಜೆಗುರುತು ಇದೆ ಸಾರ್. ಹೊಳೆ ಹತ್ರ ನೋಡಿ," ಎಂದಳು ಆ ಹುಡುಗಿ.

"ಹೆಜ್ಜೆ ಕಟ್ಕೊಂಡು ಏನ್ ಮಾಡ್ಲಿ, ಹುಲಿ ತೋರಿಸು."

"ಹುಲಿ ಕಂಡ್ರೆ ಆಟ ಮುಗೀತು ಸಾರ್. ಕಾಣದ ಹಾಗೆ ಇರೋದೇ ಆಟ."

ನಾನು ಫೋನು ಇಸಿದುಕೊಂಡು ಮೂಲೆಯಲ್ಲಿ ಕುಳಿತೆ. ಎರಡು ಕಡ್ಡಿಯನ್ನು ಬೆರಳಿನಿಂದ ಉಜ್ಜಬೇಕು. ಉಜ್ಜಿದೆ. ಹೊಗೆ ಬಂತು, ಬೆಂಕಿ ಬರಲಿಲ್ಲ. ಹಸಿ ಸೌದೆ ಆರಿಸಿದ್ದೆ. ಯಾರೂ ಬಂದು ತಪ್ಪು ಎಂದು ಗಂಟೆ ಬಾರಿಸಲಿಲ್ಲ, ಬಾಣದ ಗುರುತು ಹಾಕಿ ದಾರಿ ತೋರಿಸಲಿಲ್ಲ. ಆಕಾಶ ನೋಡಿಕೊಂಡು ನಾನೇ ಒಣಗಿದ್ದು ಹುಡುಕಬೇಕಾಯಿತು. ಕೊನೆಗೆ ಕಿಡಿ ಹತ್ತಿದಾಗ ಹೆಬ್ಬೆರಳು ಉರಿಯುತ್ತಿತ್ತು, ಮನಸ್ಸಿಗೆ ಹಿತವಾಗಿತ್ತು. ಹಸಿವು ಹಸಿವಿನ ಹಾಗೆ ನಿಧಾನವಾಗಿ ಬಂತು. ಮೊದಲು ಸುಮ್ಮನಿತ್ತು, ಆಮೇಲೆ ನಡಿಗೆ ಭಾರವಾಯಿತು, ಆಮೇಲೆ ಕೈ ನಡುಗಿ ಕಲ್ಲು ಗುರಿ ತಪ್ಪಿತು. ಸೌದೆಯನ್ನು ಸರಿಯಾಗಿ ಒಟ್ಟಿದರೆ ರಾತ್ರಿ ನಿದ್ದೆ ಮಾಡಬಹುದು, ಬೆಳಿಗ್ಗೆ ಕೆಂಡ ಇರುತ್ತದೆ; ಒಟ್ಟದಿದ್ದರೆ ಇರುವುದಿಲ್ಲ. ಅಂದರೆ ಅದು ಜಾಣರನ್ನು ಮಲಗಲು ಬಿಡುತ್ತಿತ್ತು. ಸತ್ತರೆ ನಿಮ್ಮ ತಪ್ಪಿನಿಂದ ಸಾಯುತ್ತೀರಿ, ಬದುಕಿದರೆ ನಿಮ್ಮ ಕೈಯಿಂದ ಬದುಕುತ್ತೀರಿ. ನಡುವೆ ಯಾರೂ ಕುಕ್ಕರ್ ಮಾರಲು ಬರುವುದಿಲ್ಲ. ಒಂದು ಆಟಕ್ಕೆ ಇನ್ನೇನು ಬೇಕು ಎಂದು ನನಗೆ ತೋಚಲಿಲ್ಲ. ಒಂದು ಸಂಸಾರಕ್ಕೂ ಇಷ್ಟಿದ್ದರೆ ಸಾಕಿತ್ತು.

ಅದಕ್ಕಿಂತ ಹೆಚ್ಚಾಗಿ, ಫೋನಿನ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇತ್ತು. ಒತ್ತಿದರೆ ಕಾಡು ಇದ್ದಲ್ಲೇ ನಿಲ್ಲುತ್ತಿತ್ತು. ಹಾರುವ ಹಕ್ಕಿ ಹಾರಿದಲ್ಲೇ, ಉರಿಯುವ ಬೆಂಕಿ ಉರಿದಲ್ಲೇ. ಇದೇಕೆ ಎಂದು ಕೇಳಿದೆ. "ಅಮ್ಮ, ಫೋನಲ್ಲಿ ಆಡೋರಿಗೆ ಬಸ್ಸು ಬರತ್ತೆ, ಹಾಲು ಉಕ್ಕತ್ತೆ, ಮಗು ಅಳತ್ತೆ. ಅವರು ತಿರುಗಿ ಬರೋ ತನಕ ಕಾಡು ಕಾಯಬೇಕು," ಎಂದಳು ಹುಡುಗಿ. ಅವಳ ತಲೆ ಸವರಬೇಕೆನಿಸಿತು. ನನಗೆ ಹೇಮಾವತಿಯ ಭಾವನ ಆ ಇನ್ನೊಂದು ಚಪಾತಿ ನೆನಪಾಗಿತ್ತು.

ಆಟ ಒಪ್ಪಿಗೆಯಾಯಿತು. ಗುಂಡಿ ಒಪ್ಪಿಗೆಯಾಗಲಿಲ್ಲ. ಹೇಮಾವತಿಯ ಭಾವ ಶಾಂತಮಲ್ಲಪ್ಪನೂ ಸಮಿತಿಯ ಸದಸ್ಯ. ಅವನೇ ಎದ್ದು ನಿಂತ. "ನಾವು ಅಸಲಿ ಕಾಡಿಗೆ ಹೋದಾಗ ಗುಂಡಿ ಇತ್ತಾ? ಹುಲಿಗೆ ಸ್ವಲ್ಪ ತಡಿಯಪ್ಪ ಅಂದಿದ್ವಾ? ಕಷ್ಟ ಪಡದೆ ಒಲೆ ಬೇಕು ಅಂದ್ರೆ ಹೇಗೆ?" ಈ ಶಾಂತಮಲ್ಲಪ್ಪ ಏಳು ದಿನ ಕಾಡಿನಲ್ಲಿದ್ದು ಹೊರಗೆ ಬಂದಾಗ ತೂಕ ಹೆಚ್ಚಾಗಿದ್ದ ಏಕೈಕ ಮನುಷ್ಯ. ಅವನ ತಾಯಿಗೆ ಆ ವಾರ ಪೂರ್ತಿ ಬುತ್ತಿ ಹಿಡಿದು ಕಾಡಿನ ಬೇಲಿಯ ಕಡೆಯೇ ಕೆಲಸವಿತ್ತು. ನಾನು ಅದನ್ನು ಹೇಳಲಿಲ್ಲ. ಹೇಳಿದ್ದರೆ ಗುಂಡಿಯೂ ಹೋಗುತ್ತಿತ್ತು, ಆಟವೂ ಹೋಗುತ್ತಿತ್ತು. ಅಣ್ಣ ತಂಗಿ ಮುಖ ಮುಖ ನೋಡಿಕೊಂಡು ಗುಂಡಿ ತೆಗೆದುಕೊಟ್ಟರು.

ನಾನು ಬೇರೆ ದಾರಿ ಹಿಡಿದೆ. "ಸರಿ, ಹಳೇ ಕಾಡಿನ ಪ್ರಕಾರ ಅಂದ್ರೆ ಎಲ್ಲಾನೂ ಹಳೇ ಪ್ರಕಾರ ಆಗಲಿ. ಕಾಡಿಗೆ ಹೋದವರನ್ನ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ, ಮಾತಾಡಿಸ್ತಿರಲಿಲ್ಲ. ಅವರು ಊರಲ್ಲಿಲ್ಲ ಅಂತಲೇ ಲೆಕ್ಕ. ಫೋನು ಹಿಡಿದು ಕೂತೋರಿಗೂ ಅದೇ ಆಗಲಿ. ಏಳು ದಿನ ಅವರು ಮನೇಲಿಲ್ಲ. ಕೆಲಸ ಹೇಳೋ ಹಾಗಿಲ್ಲ." ಪಂಚಾಕ್ಷರಪ್ಪನವರು ನಿಯಮದ ಉಳಿದರ್ಧವನ್ನು ತಾವೇ ನೆನಪಿಸಿಕೊಂಡರು. ಕಾಡಿಗೆ ಹೋದವರೂ ಊರಿನವರ ಜೊತೆ ಮಾತಾಡಬಾರದು. ಬಾಯಿಬಿಟ್ಟರೆ ಅವಧಿಗೆ ಮೊದಲೇ ಹೊರಗೆ ಬಂದ ಹಾಗೆ. ಇರಲಿ ಎಂದೆ. ಮಾತಾಡದೆ ಇರುವುದು ಹೇಮಾವತಿಗೆ ಹೊಸದೇನಲ್ಲ. ಶಾಂತಮಲ್ಲಪ್ಪ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಸಂಪ್ರದಾಯ ಎಂದು ಕಿವಿಗೆ ಬಿದ್ದರೆ ಅವನು ಮೊದಲು ಕೈ ಎತ್ತುತ್ತಾನೆ, ಏನು ಎಂದು ಆಮೇಲೆ ಕೇಳುತ್ತಾನೆ. ಅವನಿಗೆ ಅದು ಅರ್ಥವಾದದ್ದು ಮುಂದಿನ ಸೋಮವಾರ ಬೆಳಿಗ್ಗೆ ಕಾಫಿ ಬಾರದಿದ್ದಾಗ.

ಆ ಸೋಮವಾರ ಹೇಮಾವತಿ ತಲೆಗೆ ನೀರು ಹಾಕಿಕೊಂಡು, ಅಡಿಗೆಮನೆಯ ಮೂಲೆಯಲ್ಲಿ ಮಣೆ ಹಾಕಿ ಕುಳಿತು ಕಾಡಿಗೆ ಹೋದಳು. ಅಡಿಗೆಮನೆಯೇ ಯಾಕೆಂದರೆ, ಆ ಮನೆಯಲ್ಲಿ ನೆಟ್ಟಗೆ ಕೆಲಸ ಮಾಡುವ ಪ್ಲಗ್ಗು ಮಿಕ್ಸಿಯ ಹತ್ತಿರದ್ದು ಒಂದೇ. ಸಮಿತಿಯ ಕಡೆಯಿಂದ ಸಾಕ್ಷಿಯಾಗಿ ಅಡಿಗೆಮನೆಯ ಬಾಗಿಲಲ್ಲಿ ಮೊಳೆ ಹೊಡೆದ ಹಾಗೆ ಕುಳಿತವಳು ನಾನು. ಅವಳಿಗೆ ಬಾಳೆಹಣ್ಣು, ಹುರಿಗಡಲೆ, ನೆನೆಸಿದ ಅವಲಕ್ಕಿ ತಂದಿಡುತ್ತಿದ್ದೆ. ಬೇಯಿಸದ ಆಹಾರಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ.

ಮೊದಲ ದಿನ ಹಿರಿಯ ಸೊಸೆ ಒಂದಿಷ್ಟು ಹಾಲು ಕಾಯಿಸಿದಳು, ಮನೆಯವರು ಬೇಕರಿ ಬನ್ನು ತಿಂದು ಗಮ್ಮತ್ತಿನಲ್ಲಿದ್ದರು. ಎರಡನೆಯ ದಿನ ಹಿರಿಯ ಸೊಸೆಗೆ, ಅಂದರೆ ಶಾಂತಮಲ್ಲಪ್ಪನ ಹೆಂಡತಿ ಪ್ರಭಾಮಣಿಗೆ, ತವರಿನಲ್ಲಿ ಇದ್ದಕ್ಕಿದ್ದಂತೆ ಬಹಳ ಅಗತ್ಯದ ಕೆಲಸ ಬಂತು. ಒಲೆ ಇದ್ದವರು ದಿನಕ್ಕೊಂದು ಸಲವಾದರೂ ಹಚ್ಚಿ ಏನಾದರೂ ಬೇಯಿಸಬೇಕು, ಹಚ್ಚದ ಒಲೆಯ ಹಕ್ಕು ಹೋಗುತ್ತದೆ. ಆದ್ದರಿಂದ ಹೋಟೆಲಿಗೆ ಓಡುವ ಹಾಗೂ ಇರಲಿಲ್ಲ. ಶಾಂತಮಲ್ಲಪ್ಪ ಪಂಚೆ ಮೇಲೆ ಕಟ್ಟಿ ತನ್ನ ಸ್ವಂತ ಒಲೆಯ ಮುಂದೆ ಮೊದಲ ಸಲ ನಿಂತ.

ಅವನು ಅವಳನ್ನು ಮಾತಾಡಿಸುವಂತಿಲ್ಲ. ಹಾಗಾಗಿ ಕ್ಯಾಲೆಂಡರಿನ ಜೊತೆ ಮಾತಾಡಿದ. "ಈ ಮನೇಲಿ ಉಪ್ಪಿನ ಡಬ್ಬಿ ಅಂತ ಒಂದಿತ್ತಪ್ಪ," ಎಂದ ಕ್ಯಾಲೆಂಡರಿಗೆ. ಕ್ಯಾಲೆಂಡರು ಸುಮ್ಮನಿತ್ತು. ಹೇಮಾವತಿ ಫೋನಿನಲ್ಲಿ ಹೊಳೆಗೆ ಬುಟ್ಟಿ ಇಟ್ಟು ಮೀನಿಗೆ ಕಾಯುತ್ತಿದ್ದಳು. "ಬೇಳೆ ಎಷ್ಟು ಹೊತ್ತು ಬೇಯುತ್ತೆ ಅಂತ ಹಿರಿಯರು ಎಲ್ಲಾದ್ರೂ ಹೇಳಿದಾರೋ ಏನೋ," ಎಂದ ಫ್ರಿಜ್ಜಿಗೆ. ನನ್ನ ಕಡೆ ಆಸೆಯಿಂದ ನೋಡಿದ. "ನಾನು ಸಾಕ್ಷಿ ಕಣಪ್ಪ, ಬೇಳೆ ಅಲ್ಲ," ಎಂದೆ. ಆ ದಿನದ ಸಾರನ್ನು ತಟ್ಟೆಗೆ ಬಗ್ಗಿಸಲು ಆಗಲಿಲ್ಲ, ಕತ್ತರಿಸಿ ಬಡಿಸಿದರು.

ಮೂರನೆಯ ದಿನ ಅವನು ಅನ್ನಕ್ಕೆ ನೀರು ಮರೆತ. ನಾಲ್ಕನೆಯ ದಿನ ಅಕ್ಕಿ ತೊಳೆದ ನೀರನ್ನು ಇಟ್ಟುಕೊಂಡು ಅಕ್ಕಿ ಚೆಲ್ಲಿದ. ಮಕ್ಕಳು ಶಾಲೆಯ ಬಿಸಿಯೂಟಕ್ಕೆ ರಜೆಯ ದಿನವೂ ಹೋಗಿ ಬಾಗಿಲು ಬಡಿದು ಬಂದವು. ಅವನ ತಾಯಿ, ಆ ಬೇಲಿಯ ತಾಯಿಯೇ, ಕೋಲೂರಿಕೊಂಡು ಬಂದು ಮಗನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನನ್ನ ಆವತ್ತು ಹಸಿದು ಬರೋಕೆ ಬಿಡಬೇಕಿತ್ತು ಕಣೋ," ಎಂದು ಹೇಳಿ ಹೋದಳು. ಶಿವನಂಜ ಮಾತ್ರ ಸದ್ದಿಲ್ಲದೆ ಪಾತ್ರೆ ತೊಳೆಯುವುದನ್ನು ಕಲಿತ. ತೊಳೆದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ತನ್ನಷ್ಟಕ್ಕೆ ನಗುತ್ತಿದ್ದ.

ಹೇಮಾವತಿ ಬದುಕುತ್ತಿದ್ದಳು. ಚೆನ್ನಾಗಿ ಬದುಕುತ್ತಿದ್ದಳು. ಮಳೆ ಬರುವ ಮುಂಚೆ ಸೌದೆಯನ್ನು ಬಂಡೆಯ ಕೆಳಗೆ ಸರಿಸಿದಳು. ಮೀನು ಒಣಗಿಸಿಟ್ಟಳು. ಹುಲಿಯ ಹೆಜ್ಜೆ ಕಂಡಲ್ಲಿಂದ ಗುಡಿಸಲನ್ನು ಎತ್ತಿ ಹೊಳೆಯಾಚೆ ಕಟ್ಟಿದಳು. ಹನ್ನೊಂದು ಜನಕ್ಕೆ ಬೇಯಿಸಿ ಅಭ್ಯಾಸವಾದ ಕೈಗೆ ಒಂದೇ ಹೊಟ್ಟೆ ನೋಡಿಕೊಳ್ಳುವುದು ರಜೆಯ ಹಾಗಿತ್ತು. ಮಾತಾಡುವಂತಿರಲಿಲ್ಲ, ಆದರೆ ಒಂದು ಸಂಜೆ ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಗುಡ್ಡದ ಮೇಲೆ ಚಂದ್ರ, ಕೆಳಗೆ ಅವಳ ಬೆಂಕಿ. ಅವಳ ಮುಖ ಹಾಗೆ ಬಿಚ್ಚಿಕೊಂಡದ್ದನ್ನು ನಾನು ಮೊದಲು ನೋಡಿರಲಿಲ್ಲ.

ಏಳನೆಯ ದಿನ ಭಾನುವಾರ. ದೀಪ ಹಚ್ಚುವ ಹೊತ್ತು ದಾಟಿದರೆ ಒಲೆ ಅವಳದು. ಮಧ್ಯಾಹ್ನ ಶಾಂತಮಲ್ಲಪ್ಪ ಉಪ್ಪಿಟ್ಟು ಮಾಡುತ್ತೇನೆಂದು ಹೊರಟ. ಗ್ಯಾಸಿನ ನಾಬ್ ತಿರುಗಿಸಿ ಲೈಟರ್ ಒತ್ತಿದ. ಒತ್ತಿದ, ಒತ್ತಿದ, ಕಿಡಿ ಬರಲಿಲ್ಲ. ಬೈದುಕೊಂಡು, ಲೈಟರನ್ನು ಕೈಯಲ್ಲೇ ಹಿಡಿದು, ಬೆಂಕಿಪೊಟ್ಟಣ ಹುಡುಕಲು ದೇವರಮನೆಗೆ ಹೋದ. ನಾಬ್ ತಿರುಗಿಸಿದ್ದು ತಿರುಗಿಸಿದ ಹಾಗೇ ಇತ್ತು. ಹೇಮಾವತಿ ಕೊನೆಯ ಹೊತ್ತಿನ ಬೆಂಕಿ ಕಾಯುವುದರಲ್ಲಿ ಮುಳುಗಿದ್ದಳು. ನಾನು ಬಾಗಿಲಲ್ಲೇ ಇದ್ದೆ. ಆದರೆ ಮೂವತ್ತು ವರ್ಷ ಹಿಟ್ಟಿನ ಧೂಳು ಕುಡಿದ ಮೂಗು ನನ್ನದು, ಮಲ್ಲಿಗೆಗೂ ಮೆಣಸಿನಪುಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅವನು ಅಲ್ಲಿ ದೇವರ ಪಟದ ಹಿಂದೆಲ್ಲ ತಡಕಾಡಿ, ಹತ್ತು ಹನ್ನೆರಡು ನಿಮಿಷ ಬಿಟ್ಟು, ಗೆದ್ದವನ ಹಾಗೆ ಪೊಟ್ಟಣ ಅಲ್ಲಾಡಿಸುತ್ತ ಬಂದ. "ಏನೋ ನಾತ," ಎಂದ ಕ್ಯಾಲೆಂಡರಿಗೆ. "ನಿನ್ನೆ ಸಾರು ಇರಬೇಕು." ಕಡ್ಡಿ ತೆಗೆದ.

ಹೇಮಾವತಿ ತಲೆ ಎತ್ತಿ ಮೂಗು ಅರಳಿಸಿದ್ದನ್ನು ನಾನು ನೋಡಿದೆ. ಅವಳ ಕಣ್ಣು ನಾಬಿನ ಮೇಲೆ ಹೋಯಿತು, ಅವನ ಕೈ ಮೇಲೆ ಹೋಯಿತು. ಎದ್ದು ಹಿಡಿಯಲು ಅವನು ದೂರವಿದ್ದ, ಕಡ್ಡಿ ಪೊಟ್ಟಣಕ್ಕೆ ತಾಗಿಯಾಗಿತ್ತು.

"ಭಾವಾ, ಗೀಚಬೇಡಿ!"

ಅವನ ಕೈ ನಿಂತಿತು. ಅವಳು ಫೋನನ್ನು ನೆಲದ ಮೇಲಿಟ್ಟು ಎದ್ದು ನಾಬ್ ತಿರುಗಿಸಿ, ಕಿಟಕಿ ತೆರೆದು, ಅವನ ಬೆರಳಿನಿಂದ ಕಡ್ಡಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಆಗ ನನಗೆ ಅರ್ಥವಾಯಿತು. ಒಳಗೆ ಮಕ್ಕಳು ಮಲಗಿದ್ದವು, ಮುದುಕಿ ಮಲಗಿದ್ದಳು. ಶಾಂತಮಲ್ಲಪ್ಪ ತನ್ನ ಖಾಲಿ ಬೆರಳು ನೋಡಿಕೊಂಡ. ಆಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಇದು:

"ಮಾತಾಡಿಬಿಟ್ಟೆಯಲ್ಲ."

ನೆಲದ ಮೇಲೆ ಫೋನಿನಲ್ಲಿ ಅವಳ ಬೆಂಕಿ ಹಾಗೆಯೇ ಉರಿಯುತ್ತಿತ್ತು.

ಸಮಿತಿ ಸಂಜೆಗೇ ಸೇರಿತು. ಶಾಂತಮಲ್ಲಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಸಾಕ್ಷಿ ಹೇಳಿದ. ತಮ್ಮನ ಹೆಂಡತಿ ದೇವರಂಥವಳು, ಮನೆ ಉಳಿಸಿದಳು, ಈ ಉಪಕಾರವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಮಾತಾಡಿದ್ದು ನಿಜ. ಸುಳ್ಳು ಹೇಳಲಾಗುತ್ತದೆಯೇ? ನಿಯಮ ನಿಯಮವೇ. ನನ್ನನ್ನು ಕೇಳಿದರು. "ಮಾತಾಡಿದಳು," ಎಂದೆ. "ಮಾತಾಡದಿದ್ರೆ ಈ ಸಭೆಯನ್ನ ಸ್ಮಶಾನದಲ್ಲಿ ಮಾಡಬೇಕಾಗಿತ್ತು, ಒಬ್ಬ ಸದಸ್ಯರನ್ನ ಬಿಟ್ಟು. ಒಬ್ಬರಲ್ಲ, ಇಬ್ಬರು, ನಾನೂ ಬಾಗಿಲಲ್ಲೇ ಇದ್ದೆ." ಪಂಚಾಕ್ಷರಪ್ಪನವರು ನಿಟ್ಟುಸಿರು ಬಿಟ್ಟರು. ಬಹಳ ದುಃಖದ ಸಂಗತಿ ಎಂದರು. ಕಾಡಿನಲ್ಲಿದ್ದವರು ಬಾಯಿಬಿಟ್ಟರೆ ಹೊರಗೆ ಬಂದಂತೆ. ಬೆಂಕಿ ಉರಿಯುತ್ತಿದ್ದರೂ ಹೊತ್ತು ಮುಳುಗುವ ಮುಂಚೆ ಬಂದದ್ದು ಬಂದದ್ದೇ. ಮೂರನೆಯ ಅವಕಾಶವೂ ಹೋಯಿತು ಎಂದು ಬರೆಸಿದರು. ಆ ನಿಯಮ ತಂದವಳು ನಾನು. ನನಗೆ ತಲೆ ಎತ್ತಲಾಗಲಿಲ್ಲ.

ಹೇಮಾವತಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಕೈ ಮುಗಿದಳು.

"ಯಜಮಾನ್ರೇ, ಒಂದು ಕೇಳ್ತೀನಿ. ನಾನಿನ್ನು ಸ್ವಂತ ಒಲೆ ಹಚ್ಚೋ ಹಾಗಿಲ್ಲ ಅಲ್ವಾ?"

"ಇಲ್ಲಮ್ಮ. ಈ ಜನ್ಮದಲ್ಲಿಲ್ಲ."

"ಒಲೆ ಅಂದ್ರೆ ಯಾವುದು ಅಂತ ಸರಿಯಾಗಿ ಹೇಳಿಬಿಡಿ. ನಾಳೆ ನಾನು ಗೊತ್ತಿಲ್ಲದೆ ತಪ್ಪು ಮಾಡಬಾರದು ನೋಡಿ."

ಕೇಳಿದರೆ ಸಾಕು, ಪಂಚಾಕ್ಷರಪ್ಪನವರಿಗೆ ವ್ಯಾಖ್ಯಾನ ಎಂದರೆ ಬೆಲ್ಲ. ಸೌದೆಯದಾಗಲಿ, ಸೀಮೆಎಣ್ಣೆಯದಾಗಲಿ, ಗ್ಯಾಸಿನದಾಗಲಿ, ಎಲ್ಲಿ ಉರಿ ಇದೆಯೋ ಅದು ಒಲೆ ಎಂದರು. "ಉರಿ ಇಲ್ಲದ್ದು?" ಎಂದಳು. "ಉರಿಯೇ ಇಲ್ಲದ ಮೇಲೆ ಅದೆಂಥ ಒಲೆ? ಕಲ್ಲಿಗೂ ಅದಕ್ಕೂ ಏನು ವ್ಯತ್ಯಾಸ?" ಎಂದು ನಕ್ಕರು. ಎಲ್ಲರೂ ನಕ್ಕರು. ಬರೆಯಿಸಿ ಎಂದಳು. ಬರೆಸಿದರು.

ಮರುದಿನ ಅವಳು ಪೇಟೆಯ ಕರೆಂಟು ಸಾಮಾನಿನ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದಳು. ಕಪ್ಪು ಗಾಜಿನ ಹಲಗೆಯ ಹಾಗಿತ್ತು ಆ ಇಂಡಕ್ಷನ್ನು. ಪಾತ್ರೆ ಇಟ್ಟರೆ ಕುದಿಯುತ್ತದೆ, ಉರಿ ಮಾತ್ರ ಹುಡುಕಿದರೂ ಇಲ್ಲ. ಎರಡು ತೆಗೆದುಕೊಂಡಳು. ಉರಿಯಿಲ್ಲದ್ದು ಒಲೆಯಲ್ಲ ಎಂದು ಸಮಿತಿ ಬರೆಸಿದ್ದನ್ನು ತೋರಿಸಿದ ಮೇಲೆ ಮಾಲೀಕ ಬೀಗದ ಕೈ ಕೊಟ್ಟ. ಹೈಸ್ಕೂಲಿನ ಎದುರಿನ ಮಳಿಗೆಯಲ್ಲಿ ಗುರುವಾರ ಇಡ್ಲಿ ಬೆಂದಿತು. ಶನಿವಾರ ಸಮಿತಿ ಪೂರ್ತಿ ಬಂದು ನಿಂತಿತು. ಪಂಚಾಕ್ಷರಪ್ಪನವರು ಬಗ್ಗಿ ಪಾತ್ರೆಯ ಅಡಿ ನೋಡಿದರು, ಪಕ್ಕ ನೋಡಿದರು, ಬೆಂಕಿ ಸಿಗಲಿಲ್ಲ.

"ಇದೇನಮ್ಮ ಇದು?"

"ಕಲ್ಲು ಯಜಮಾನ್ರೇ."

"ಇಡ್ಲಿ ಬೇಯ್ತಿದೆಯಲ್ಲ!"

"ಬೇಯ್ತಿದೆ. ಉರಿ ಎಲ್ಲಿದೆ ತೋರಿಸಿ, ಈಗಲೇ ಆರಿಸ್ತೀನಿ."

ಅವರು ನನ್ನ ಕಡೆ ತಿರುಗಿದರು. ಒಂದೇ ಒಂದು ಮರವಿಲ್ಲದ ಕಾಡಿಗೆ ಕುಂಕುಮ ಇಟ್ಟು ಒಪ್ಪಿಕೊಂಡವರು ಬೆಂಕಿಯಿಲ್ಲದ ಪಾತ್ರೆ ಕಂಡು ಹೀಗೆ ಗಾಬರಿಯಾದರೆ ಹೇಗೆ ಎಂದೆ. ಇಡ್ಲಿಯ ವಾಸನೆ ಚೆನ್ನಾಗಿತ್ತಂತೆ. ನನಗೆ ಗೊತ್ತಾಗಲಿಲ್ಲ, ಆದರೆ ಸಮಿತಿ ಒಬ್ಬೊಬ್ಬರಾಗಿ ಬೆಂಚಿನ ಮೇಲೆ ಕುಳಿತಿತು. ದುಡ್ಡು ಕೊಟ್ಟೇ ತಿಂದರು. ಬಿಟ್ಟಿ ಕೊಡಲು ಅದು ಅವರ ಮನೆಯ ಒಲೆಯಲ್ಲವಲ್ಲ.

ಎಲ್ಲ ಸುಖವಾಯಿತು ಎಂದು ನಾನು ಹೇಳುವುದಿಲ್ಲ. ಹೇಮಾವತಿಗೆ ಸಿಕ್ಕಿದ್ದು ಒಂದು ಮಳಿಗೆ, ಅದರ ಬೀಗದ ಕೈ, ಮತ್ತು ತಟ್ಟೆ ತೊಳೆಯುವ ಗಂಡ. ಶಾಂತಮಲ್ಲಪ್ಪನಿಗೆ ಸಿಕ್ಕಿದ್ದು ಪ್ರಾಣ. ಅದನ್ನು ಅವನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಹೇಮಾವತಿಗೆ ಹೋದದ್ದು ಬೆಂಕಿ. ಅವಳ ಮಳಿಗೆಯಲ್ಲಿ ಕೆಂಡದ ಮೇಲೆ ಸುಟ್ಟ ಬದನೆಕಾಯಿ ಇಲ್ಲ, ಉರಿಯಲ್ಲಿ ಉಬ್ಬಿದ ರೊಟ್ಟಿ ಇಲ್ಲ, ಸುಟ್ಟ ಹಪ್ಪಳ ಇಲ್ಲ. ಕರೆಂಟು ಹೋದರೆ ಏನೂ ಇಲ್ಲ. ಮಳೆಯಲ್ಲೂ ಏಳು ದಿನ ಬೆಂಕಿ ಕಾದವಳು ಇನ್ನು ಬದುಕಿರುವ ತನಕ ತನ್ನದೆಂದು ಒಂದು ಕಡ್ಡಿ ಗೀಚುವಂತಿಲ್ಲ.